ಉಸಿರಿಗೆ ಜಾಗವಿಲ್ಲದ ಹಾಡು

ಬಸ್ ನಿಲ್ದಾಣದಲ್ಲಿ ಅವಳಿಗೆ ಮೈಕಕ್ಕ ಎಂದೇ ಹೆಸರು. ಟಿಕೆಟ್ ಕೌಂಟರಿನ ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೊಂದು ಗಾಜಿನ ಗೂಡು. ಒಳಗೆ ಸವೆದ ಕುರ್ಚಿ, ಮೇಜಿನ ಮೇಲೆ ಮೈಕು, ಮೈಕಿನ ಬುಡದಲ್ಲೊಂದು ಕೆಂಪು ಗುಂಡಿ. ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಧ್ವನಿ ಹೊರಗೆ ಹೋಗುತ್ತಿತ್ತು. ಮಧ್ಯದಲ್ಲಿ ಉಸಿರೆಳೆದುಕೊಂಡರೆ ಅದೂ ನಿಲ್ದಾಣಕ್ಕೆಲ್ಲ ಕೇಳುತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೆಳಗಿನ ಡ್ರೈವರುಗಳು ಅವಳ ಉಸಿರು ಕೇಳಿ ಹಾವಿನ ಹಾಗೆ ಬುಸ್ ಬುಸ್ ಎಂದು ಅಣಕಿಸಿದ್ದರು. ಅವತ್ತೇ ಹಟ ಹಿಡಿದಳು. ಬಸ್ಸಿನ ನಂಬರು, ನಿಲ್ಲುವ ಜಾಗ, ದಾರಿಯಲ್ಲಿ ಸಿಗುವ ಊರುಗಳು, ಸಾಮಾನು ಮರೆಯಬೇಡಿ ಎನ್ನುವ ಎಚ್ಚರಿಕೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ತುಳುಕಿಸದೆ ಹೇಳುವುದನ್ನು ಕಲಿತಳು. ಅಣಕಿಸಿದವರೇ ಆಮೇಲೆ, "ಮೈಕಕ್ಕ ಕೂಗಿದ್ರೆ ಕಿವುಡನಿಗೂ ಬಸ್ ತಪ್ಪಲ್ಲ" ಎನ್ನತೊಡಗಿದರು.

ಆ ಡ್ರೈವರುಗಳಿಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಅವರು ಬಸ್ಸಿನಲ್ಲಿ ಹಾಕಿಕೊಂಡು ಹೋಗುತ್ತಿದ್ದ ಹಾಡುಗಳಲ್ಲಿ ಅರ್ಧಕ್ಕರ್ಧ ಮೇಲಿನ ಗೂಡಿನಲ್ಲೇ ಹುಟ್ಟಿದವು. ಒಂದು ಬಸ್ಸು ಹೊರಟು ಇನ್ನೊಂದು ಬರುವ ಮಧ್ಯದ ಬಿಡುವಿನಲ್ಲಿ ಅವಳು ಮೇಜಿನ ಅಂಚು ಬಡಿಯುತ್ತ, ತುಟಿ ಅಲುಗಿಸುತ್ತ ಕಟ್ಟಿದವು. ಮಾತೂ ಅವಳದೇ, ರಾಗವೂ ಅವಳದೇ. ಹೆಸರು ಮಾತ್ರ ಅವಳ ತಮ್ಮನದು.

ಅವನು ಊರಿಗೆಲ್ಲ ದೊಡ್ಡ ಗಾಯಕನಾದರೂ ಮನೆಯಲ್ಲಿ ಕರೆಯುವುದು ಗುಬ್ಬಿ ಎಂದೇ. ಚಿಕ್ಕವನಿದ್ದಾಗ ನಾಯಿಕೆಮ್ಮು ಬಂದು, ಬದುಕಿದ್ದೇ ಹೆಚ್ಚು ಎನ್ನುವಂತಾಗಿತ್ತು. ಕೆಮ್ಮಿ ಕೆಮ್ಮಿ ಮುಖ ನೀಲಿಗಟ್ಟುತ್ತಿದ್ದಾಗ ಅಕ್ಕನೇ ಅವನನ್ನು ತೊಡೆಯ ಮೇಲೆ ಬೋರಲು ಮಲಗಿಸಿಕೊಂಡು ಬೆನ್ನು ತಿಕ್ಕುತ್ತಿದ್ದಳು. ಅಂಗೈಯ ಅಡಿಯಲ್ಲಿ ಅವನ ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಎಲ್ಲಿ ಬಿಡುತ್ತದೆ ಎನ್ನುವುದು ಅವಳಿಗೆ ಆಗಲೇ ಬಾಯಿಪಾಠವಾಗಿತ್ತು. ಕೆಮ್ಮು ಹೋಯಿತು, ಉಸಿರು ಗಿಡ್ಡವಾಗಿಯೇ ಉಳಿಯಿತು. ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಮೆಟ್ಟಿಲು ಹತ್ತುವಾಗ ಅಮ್ಮ ನೆಪ ಹೇಳಿ ನಡುವೆ ನಿಲ್ಲುತ್ತಿದ್ದಳು, ಅವನೂ ನಿಲ್ಲಲಿ ಎಂದು. ಹೀಗಾಗಿ ತನಗೊಂದು ಕೊರತೆಯಿದೆ ಎನ್ನುವುದೇ ಅವನಿಗೆ ಗೊತ್ತಾಗದೆ ಹೋಯಿತು.

ಹಾಡಿನ ವಿಷಯವೂ ಹಾಗೆಯೇ ಶುರುವಾದದ್ದು. ಕಾಲೇಜಿನಲ್ಲಿ ಸ್ಪರ್ಧೆ, ಸ್ವಂತ ಹಾಡೇ ಹಾಡಬೇಕೆಂಬ ಷರತ್ತು. ಗುಬ್ಬಿಗೆ ದನಿ ಇತ್ತು, ಚುರುಕು ಕಿವಿ ಇತ್ತು, ನೋಡುವುದಕ್ಕೂ ಲಕ್ಷಣವಾಗಿದ್ದ. ಆದರೆ ಪೆನ್ನು ಹಿಡಿದರೆ ಹೊಳೆಯುತ್ತಿದ್ದದ್ದು ಹಳೆಯ ಹಾಡುಗಳ ಚೂರುಗಳು ಮಾತ್ರ. ಅಕ್ಕ ಅಷ್ಟರಲ್ಲಿ, ಅಪ್ಪ ತೀರಿಕೊಂಡ ಮೇಲೆ, ನಿಲ್ದಾಣದ ಕೆಲಸಕ್ಕೆ ಸೇರಿಯಾಗಿತ್ತು. ಒಂದು ಮಧ್ಯಾಹ್ನ ಗೂಡಿನಲ್ಲಿ ಕುಳಿತು ಅವನಿಗಾಗಿ ಹಾಡು ಕಟ್ಟಿದಳು. ಅವನು ಗೆದ್ದು ಬಂದ. ಅಮ್ಮ ಅವಳನ್ನು ಅಡುಗೆಮನೆಗೆ ಕರೆದು ಹೇಳಿದಳು:

"ನೀನು ಬರೆದದ್ದು ಅಂತ ಯಾರ ಹತ್ರಾನೂ ಹೇಳೋಕೆ ಹೋಗ್ಬೇಡ ಕಣೆ. ನಿಂಗೆ ಹೇಗೂ ಒಂದು ಕೆಲಸ ಇದೆ. ಅವನಿಗೆ ಇದು ಬಿಟ್ರೆ ಇನ್ನೇನಿದೆ?"

"ನಾನ್ಯಾಕೆ ಹೇಳ್ಲಿ" ಎಂದಳು ಅಕ್ಕ. ನಿಜಕ್ಕೂ ಅವಳಿಗೆ ಆಗ ಬೇಸರವಿರಲಿಲ್ಲ. ಅವನ ಬಾಯಲ್ಲಿ ತನ್ನ ಹಾಡು ಕೇಳುವುದು ಹೊಸ ಬಟ್ಟೆ ಹೊಲಿದು ತೊಡಿಸಿ ನೋಡಿದ ಹಾಗಿತ್ತು.

ಆಮೇಲೆ ಒಂದರ ಹಿಂದೆ ಒಂದು. ಹಾಡು ಕಂಪನಿಯವರು ಬಂದರು, ಅವನನ್ನು ಒಪ್ಪಂದಕ್ಕೆ ಕಟ್ಟಿಹಾಕಿದರು, "ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡುವ ಪ್ರತಿಭೆ" ಎಂದು ಡಂಗುರ ಹೊಡೆದರು. ಅಕ್ಕ ಕಟ್ಟುತ್ತಲೇ ಹೋದಳು. ಅವಳು ಹಾಡು ಕಟ್ಟುತ್ತಿದ್ದ ರೀತಿಯೇ ಬೇರೆ. ಗುಬ್ಬಿಯ ಉಸಿರು ಎಷ್ಟು ದೂರ ಓಡುತ್ತದೆಯೋ ಅಷ್ಟಕ್ಕೇ ಸಾಲು ಮುಗಿಯಬೇಕು. ಸಾಲು ಮುಗಿದಲ್ಲಿ ವಾದ್ಯ ಎರಡು ಹೆಜ್ಜೆ ಹಾಕಬೇಕು, ಅಷ್ಟರಲ್ಲಿ ಅವನು ಸದ್ದಿಲ್ಲದೆ ಉಸಿರು ತುಂಬಿಕೊಳ್ಳಬೇಕು. ಎತ್ತರದ ಸ್ವರಕ್ಕೆ ಹೋದಾಗ ಬಾಯಿ ತೆರೆದು ಹಾಡುವ 'ಆ' ಇರಬೇಕು. 'ಈ' ಬಂದರೆ ಅವನ ಗಂಟಲು ಬಿಗಿಯುತ್ತದೆ. ಇನ್ನು 'ಹ'ಕಾರವನ್ನಂತೂ ಆದಷ್ಟೂ ಹತ್ತಿರ ಬಿಡುತ್ತಿರಲಿಲ್ಲ. ಅದು ಇದ್ದ ಉಸಿರನ್ನೂ ಹೊರಗೆ ಚೆಲ್ಲಿಬಿಡುವ ಅಕ್ಷರ. 'ಹೂವು' ಎನ್ನಬೇಕಾದಲ್ಲಿ 'ಮೊಗ್ಗು' ಎನ್ನುವಳು. 'ಹೋಗು' ಎನ್ನಬೇಕಾದಲ್ಲಿ 'ನಡೆ' ಎನ್ನುವಳು. ಪತ್ರಿಕೆಯವರು ಅದನ್ನೇ ಹಿಡಿದುಕೊಂಡು, ಈ ಗಾಯಕನ ಹಾಡಿನಲ್ಲಿ ಮಾತಿಗಿಂತ ಮಾತಿನ ನಡುವಿನ ಮೌನ ದೊಡ್ಡದು ಎಂದು ಉದ್ದುದ್ದ ಬರೆದರು. ಗುಬ್ಬಿ ಅದನ್ನು ಕತ್ತರಿಸಿ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ. ಅಕ್ಕ ಓದಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಅವನು ದೊಡ್ಡ ಮನೆ ಕಟ್ಟಿಸಿದ. ಮೇಲಿನ ಅಂತಸ್ತಿನಲ್ಲಿ ಅವನು, ಅವನ ಹೆಂಡತಿ. ಕೆಳಗಿನ ಹಿಂದಿನ ಕೋಣೆಯಲ್ಲಿ ಅಮ್ಮ, ಅಕ್ಕ. ಅಕ್ಕ ನಿಲ್ದಾಣದ ಕೆಲಸ ಬಿಡಲಿಲ್ಲ. "ಇನ್ನೂ ಆ ಗೂಡಿನಲ್ಲಿ ಕೂತು ಕೂಗೋದ್ಯಾಕಕ್ಕ, ನನ್ನ ಮಾನ ಹೋಗುತ್ತೆ" ಎಂದು ಅವನು ಗೊಣಗುತ್ತಿದ್ದ. "ನಿನ್ನ ಮಾನ ಕಟ್ತಿರೋದೇ ಆ ಗೂಡಿನಲ್ಲಿ ಕಣೋ" ಎಂದು ಅವಳು ತಮಾಷೆ ಮಾಡುತ್ತಿದ್ದಳು. ಇಬ್ಬರೂ ನಗುತ್ತಿದ್ದರು.

ನಗು ನಿಂತದ್ದು ಅಮ್ಮ ಹಾಸಿಗೆ ಹಿಡಿದ ಮೇಲೆ.

ಅಮ್ಮನಿಗೆ ಎದೆಯಲ್ಲಿ ನೀರು ತುಂಬಿಕೊಂಡಿತ್ತು. ಆಸ್ಪತ್ರೆಯ ಕೋಣೆಯ ಗೋಡೆ ತಿಳಿಹಸಿರು, ಕಿಟಕಿಯ ಹೊರಗೆ ಬಟ್ಟೆ ಒಗೆಯುವ ಯಂತ್ರಗಳ ಗುಡುಗುಡು ಸದ್ದು. ಗುಬ್ಬಿ ದೂರದ ಊರುಗಳಲ್ಲಿ ಕಾರ್ಯಕ್ರಮ ಕೊಡುತ್ತ ತಿರುಗುತ್ತಿದ್ದ. ದಿನಾ ಫೋನು ಮಾಡುತ್ತಿದ್ದ, "ಇನ್ನೊಂದು ಊರು ಮುಗಿಸಿ ಬಂದ್ಬಿಡ್ತೀನಿ" ಎನ್ನುತ್ತಿದ್ದ. ಕೆಲಸಕ್ಕೆ ರಜೆ ಹಾಕಿ ಅಕ್ಕ ಅಮ್ಮನ ಪಕ್ಕದಲ್ಲೇ ಕುಳಿತಳು. ಅಮ್ಮನಿಗೆ ನಿದ್ದೆ ಬರುತ್ತಿರಲಿಲ್ಲ. ಮಂಪರಿನಲ್ಲಿ, "ಒಲೆ ಆರಿಸಿದ್ಯಾ? ಬಟ್ಟೆ ಒಳಗೆ ತಂದ್ಯಾ? ಗುಬ್ಬಿ ಊಟ ಮಾಡಿದ್ನಾ?" ಎಂದು ಒಂದೇ ಸಮನೆ ಕೇಳುತ್ತಿದ್ದಳು. ಎಷ್ಟು ಸಲ ಆಯಿತು ಆಯಿತು ಎಂದರೂ ನಂಬಿಕೆಯಿಲ್ಲ. ಕೊನೆಗೆ ಅಕ್ಕ ಅದನ್ನೇ ಹಾಡು ಮಾಡಿದಳು:

ಕಣ್ಮುಚ್ಚು ಅಮ್ಮ, ಬಾಗಿಲು ನಾನು ಹಾಕುವೆ
ಒಲೆ ಆರಿದೆ
ಬಟ್ಟೆ ಒಣಗಿದೆ, ಎಲ್ಲ ಒಳಗಿದೆ
ಯಾರೂ ಹಸಿದಿಲ್ಲ

ಮೆಲ್ಲಗೆ ಅದನ್ನೇ ಮತ್ತೆ ಮತ್ತೆ ಹಾಡಿದಳು. ಅಮ್ಮ ಅವಳ ಕೈಯನ್ನು ಎದೆಯ ಮೇಲೆ ಒತ್ತಿಕೊಂಡು ಮಲಗಿದಳು. ಮಾರನೆಯ ದಿನ ಬೆಳಿಗ್ಗೆ ಹಾಗೆಯೇ ಹೋದಳು. ಗುಬ್ಬಿ ಬಂದದ್ದು ಎಲ್ಲ ಮುಗಿಯುವ ಹೊತ್ತಿಗೆ.

ಕೆಲವು ವಾರಗಳ ನಂತರ ಅಮ್ಮನ ಕಪಾಟು ತೆಗೆದು ಬಟ್ಟೆ ಮಡಚುತ್ತಿದ್ದಾಗ ಅಕ್ಕನ ಬಾಯಲ್ಲಿ ಆ ಹಾಡು ತಾನಾಗಿಯೇ ಬಂತು. ಗುಬ್ಬಿ ಬಾಗಿಲಲ್ಲಿ ನಿಂತು ಕೇಳಿದ.

"ಅದ್ಯಾವ್ದಕ್ಕ ಅದು?"

"ಅಮ್ಮಂದು. ಅದು ಕೊಡೋ ಹಾಡಲ್ಲ" ಎಂದಳು.

ಅವನು ತಲೆಯಾಡಿಸಿ ಹೋದ. ಆದರೆ ಅವನ ಕಿವಿ ಎಂಥದೆಂದು ಅವಳಿಗೆ ಗೊತ್ತಿರಬೇಕಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಹಾಡು ಎಲ್ಲ ಬಸ್ಸುಗಳಲ್ಲೂ ಬರುತ್ತಿತ್ತು. ಸಾಲದ್ದಕ್ಕೆ, ಕೇಳುವವರಿಗೆ ಅಪಶಕುನವೆನ್ನಿಸೀತು ಎಂದು "ಬಾಗಿಲು ನಾನು ಹಾಕುವೆ" ಎನ್ನುವುದನ್ನು "ಬಾಗಿಲು ನಾನು ತೆರೆವೆ" ಎಂದು ಬದಲಿಸಿದ್ದ. ಬಾಗಿಲು ತೆರೆದಿಟ್ಟರೆ ಅಮ್ಮ ಕಣ್ಣು ಮುಚ್ಚುತ್ತಾಳೆಯೇ? ಅಷ್ಟೂ ತಿಳಿಯದವನ ಬಾಯಲ್ಲಿ ಅಮ್ಮನ ಹಾಡು. ಆದರೂ ಅಕ್ಕ ಹಲ್ಲು ಕಚ್ಚಿ ಸುಮ್ಮನಿದ್ದಳು. ಅವನೂ ಅಮ್ಮನ ಮಗನೇ ಅಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಳು.

ಆ ಹಾಡಿಗೆ ಪ್ರಶಸ್ತಿ ಬಂತು. ಟಿವಿಯಲ್ಲಿ ಅವನ ಸಂದರ್ಶನ. ನಿಲ್ದಾಣದ ಟೀ ಅಂಗಡಿಯ ಟಿವಿಯ ಮುಂದೆ ಜನ ನೆರೆದಿತ್ತು. ಟಿಕೆಟ್ ಕೌಂಟರಿನವಳು, ಮೈಕಕ್ಕನ ಬಹುಕಾಲದ ಗೆಳತಿ, "ನಿನ್ನ ತಮ್ಮ ಬಂದ, ಬಾರೇ" ಎಂದು ಎಳೆದುಕೊಂಡು ಹೋದಳು. ಗುಬ್ಬಿ ಕಣ್ಣು ಒರೆಸಿಕೊಳ್ಳುತ್ತ ಹೇಳುತ್ತಿದ್ದ:

"ಅಮ್ಮನ ಕೊನೇ ದಿನಗಳಲ್ಲಿ ನಾನೊಬ್ಬನೇ ಕೈ ಹಿಡ್ಕೊಂಡು ಕೂತಿದ್ದೆ. ನಾನು ಹಾಡ್ತಾ ಇರೋವಾಗ್ಲೇ ಹೋದ್ಲು. ನಮ್ಮಕ್ಕ ಪಾಪ, ಆಸ್ಪತ್ರೆ ಅಂದ್ರೆ ಭಯ ಅವಳಿಗೆ. ಒಳಗೆ ಬರೋಕೂ ಧೈರ್ಯ ಆಗ್ದೆ ಹೊರಗೇ ಕೂತಿರ್ತಿದ್ಲು."

ಟಿಕೆಟ್ ಕೌಂಟರಿನವಳು ಮೂಗು ಒರೆಸಿಕೊಂಡು, "ಎಂಥಾ ಮಗನೇ! ನೀನಾದ್ರೂ ಸ್ವಲ್ಪ ಗಟ್ಟಿ ಮನಸ್ಸು ಮಾಡ್ಬಾರ್ದಿತ್ತಾ?" ಎಂದಳು.

ಅಕ್ಕ ಮೆಟ್ಟಿಲು ಹತ್ತಿ ಹೋಗಿ ಗುಂಡಿ ಒತ್ತಿದಳು. ಉತ್ತರಕ್ಕೆ ಹೋಗುವ ಬಸ್ಸನ್ನು ದಕ್ಷಿಣದ ಬಸ್ಸು ನಿಲ್ಲುವ ಜಾಗದ ಹೆಸರಿಗೆ ಕೂಗಿಬಿಟ್ಟಳು. ಜನ ಮೂಟೆ ಮಕ್ಕಳನ್ನು ಎತ್ತಿಕೊಂಡು ಆ ಕಡೆ ಓಡಿದರು, ಅಲ್ಲಿಂದ ಬೈಯುತ್ತ ಈ ಕಡೆ ಓಡಿದರು. ಅಷ್ಟು ವರ್ಷಗಳ ಕೆಲಸದಲ್ಲಿ ಅದು ಅವಳ ಮೊದಲ ತಪ್ಪು.

ಸಂಜೆ ಗುಬ್ಬಿ ಹೂಗುಚ್ಛ ಹಿಡಿದುಕೊಂಡು ಅವಳ ಕೋಣೆಗೆ ಇಳಿದು ಬಂದ. ಅವಳ ಮುಖ ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು.

"ಟಿವಿ ಅಂದ್ಮೇಲೆ ಸ್ವಲ್ಪ ಹಾಗೆಲ್ಲ ಹೇಳ್ಬೇಕಾಗುತ್ತಕ್ಕ. ಅವ್ರು ಕೇಳ್ತಾರೆ, ನಾನೇನು ಮಾಡ್ಲಿ? ಅದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡ."

"ನಾನು ಹೊರಗೆ ಕೂತಿದ್ದೆ ಅಂದ್ಯಲ್ಲೋ."

"ಮಾತಿಗೆ ಅಂದೆ. ನಿಂಗೇನು ಕಮ್ಮಿ ಮಾಡಿದೀನಿ ಹೇಳು? ಮನೆ ಇಲ್ವಾ, ಮರ್ಯಾದೆ ಇಲ್ವಾ?" ಎಂದವನೇ ಮಾತು ತಿರುಗಿಸಿದ. "ಅದಿರ್ಲಿ. ಸ್ಟೇಡಿಯಂನಲ್ಲಿ ದೊಡ್ಡ ಕಾರ್ಯಕ್ರಮ ಇದೆ, ನೇರ ಪ್ರಸಾರ. ಹೊಸ ಹಾಡು ಬೇಕು. ಇದುವರೆಗೂ ನಾನು ಹಾಡಿರೋದಕ್ಕಿಂತ ದೊಡ್ಡದು, ಬೇರೆ ಥರದ್ದು. ಕೇಳಿದೋರು ದಂಗಾಗ್ಬೇಕು."

ಅವಳು ಹೂಗುಚ್ಛವನ್ನು ಕಿಟಕಿಯ ಮೇಲಿಟ್ಟು, "ಕೊಡ್ತೀನಿ" ಎಂದಳು. "ದಂಗಾಗೋ ಹಾಗೇ ಕೊಡ್ತೀನಿ."

ಅಷ್ಟು ವರ್ಷ ಅವನಿಗಾಗಿ ಏನೇನನ್ನು ತಪ್ಪಿಸುತ್ತ ಬಂದಿದ್ದಳೋ ಅದನ್ನೆಲ್ಲ ಈಗ ಒಂದೊಂದಾಗಿ ಹೆಕ್ಕಿ ತಂದಳು. ಅಂಥ ಖುಷಿಯಿಂದ ಅವಳು ಹಿಂದೆಂದೂ ಕೆಲಸ ಮಾಡಿರಲಿಲ್ಲ. ನಿಲ್ಲುವ ಜಾಗವೇ ಇಲ್ಲದ ಸಾಲು ಬೇಕು. ಒಂದು ಪದ ಇನ್ನೊಂದರ ಬಾಲ ಹಿಡಿದು, ಅರ್ಥ ಕೊನೆಯ ಪದದಲ್ಲಿ ಮಾತ್ರ ಮುಗಿಯಬೇಕು, ನಡುವೆ ಉಸಿರೆಳೆದರೆ ವಾಕ್ಯವೇ ಮುರಿದು ಬೀಳಬೇಕು. ಉದ್ದಕ್ಕೂ 'ಹ'ಕಾರ ಬೇಕು. ಉಸಿರೆಲ್ಲ ಖಾಲಿಯಾದ ಮೇಲೆ ರಾಗ ತುದಿಗೆ ಏರಬೇಕು, ಏರಿದಲ್ಲಿ ನೀಳವಾದ 'ಈ' ಕಾದಿರಬೇಕು. ಹಲವು ಮಧ್ಯಾಹ್ನಗಳ ಮೇಲೆ ಅದು ಕೂಡಿ ಬಂತು:

ಹೊರಟ ಹೊಳೆಯ ಹಿಂದೆ ಹೊರಟ ಹಾದಿ ಹಿಡಿದು ಹೊರಟ ನನ್ನ ಹೆಸರ ಹಿಡಿದು ಕರೆದೆ ನೀ

ವಂಚನೆಯ ಹಾಡೆಂದು ಅದನ್ನು ಕೆಟ್ಟದಾಗಿ ಕಟ್ಟಲಿಲ್ಲ. ಕೆಟ್ಟದಾಗಿದ್ದರೆ ಅವನು ಒಪ್ಪುತ್ತಿರಲೂ ಇಲ್ಲ. ಅವಳು ಕಟ್ಟಿದವುಗಳಲ್ಲೆಲ್ಲ ಅದೇ ಚೆಂದದ ಹಾಡಾಗಿತ್ತು. ಗುಬ್ಬಿ ಕೇಳಿ ಕುಣಿದಾಡಿಬಿಟ್ಟ. "ಇದನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಅಕ್ಕ?"

ಧ್ವನಿಮುದ್ರಣದಲ್ಲಿ ಅವನಿಗೆ ಏನೂ ಗೊತ್ತಾಗಲಿಲ್ಲ. ಅಲ್ಲಿ ಯಾರೂ ಹಾಡನ್ನು ಪೂರ್ತಿ ಹಾಡುವುದಿಲ್ಲವಲ್ಲ. ಒಂದು ತುಂಡು ಹಾಡು, ನಿಲ್ಲು, ನೀರು ಕುಡಿ, ಇನ್ನೊಂದು ತುಂಡು. ಆಮೇಲೆ ಯಂತ್ರದಲ್ಲಿ ಕೂಡಿಸಿ, ಜೋಡಿಸಿದ ಗುರುತೇ ಕಾಣದ ಹಾಗೆ ನಯ ಮಾಡುತ್ತಾರೆ. ಹೊರಗೆ ಬಂದ ಹಾಡಿನಲ್ಲಿ ಗುಬ್ಬಿಯ ಉಸಿರು ಸಮುದ್ರದಷ್ಟಿತ್ತು. ಅದನ್ನು ತಾನೇ ಕೇಳಿ ಕೇಳಿ, ಹಾಗೆ ಹಾಡಿದವನು ತಾನೇ ಎಂದು ನಂಬಿಕೊಂಡ. ತಾಲೀಮಿನಲ್ಲಿಯೂ, ದೊಡ್ಡ ದಿನಕ್ಕೆ ಗಂಟಲು ಉಳಿಸಿಕೊಳ್ಳಬೇಕೆಂದು ಎಂದಿನಂತೆ ಅರ್ಧಂಬರ್ಧ ಗುನುಗಿ ಮುಗಿಸಿದ.

ಗೊತ್ತಾದದ್ದು ಒಬ್ಬನಿಗೆ ಮಾತ್ರ, ಕೀಬೋರ್ಡ್ ನುಡಿಸುವವನಿಗೆ. ಮೊದಲಿನಿಂದಲೂ ಗುಬ್ಬಿಯ ಜೊತೆಗಿದ್ದ ಮನುಷ್ಯ. ಹಾಡುಗಳು ಯಾರವು ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ, ಆದರೆ ತಿಳಿದಿತ್ತು. ಒಂದು ದಿನ ನಿಲ್ದಾಣದ ಗೂಡಿನ ಬಾಗಿಲಲ್ಲಿ ಬಂದು ನಿಂತ.

"ಅಕ್ಕ, ಒಂದ್ಮಾತು. ಆ ಹಾಡಲ್ಲಿ ಉಸಿರಿಗೆ ಜಾಗ ಇಲ್ಲ."

"ಇದೆ" ಎಂದಳು ಅವಳು. "ನಂಗೆ ಸಾಲುತ್ತೆ."

"ನೀವು ಹಾಡಲ್ವಲ್ಲ ಅಕ್ಕ. ಹಾಡೋನು ಅವನು."

"ಬರೆದೋನೂ ಅವನೇ ಅಲ್ವಾ? ತನ್ನ ಉಸಿರು ಎಷ್ಟು ಅಂತ ನೋಡ್ಕೊಂಡೇ ಬರೆದಿರ್ತಾನೆ, ಬಿಡಿ."

"ನಾನು ಕೀಬೋರ್ಡ್ ನುಡ್ಸೋನು ಅಕ್ಕ. ನನಗ್ಯಾಕೆ ಊರ ಉಸಾಬರಿ" ಎಂದು ಇಳಿದು ಹೋದ.

ಕಾರ್ಯಕ್ರಮದ ಸಂಜೆ ಅಕ್ಕನಿಗೆ ಮೊದಲನೆಯ ಸಾಲಿನಲ್ಲೇ ಕುರ್ಚಿ. ಗುಬ್ಬಿಯ ಹೆಂಡತಿ ಪಕ್ಕದಲ್ಲಿದ್ದಳು. ದೀಪಗಳ ಬೆಳಕಿಗೆ ಮೈದಾನ ಹಗಲಿನ ಹಾಗಿತ್ತು. ಇಡೀ ಕಾರ್ಯಕ್ರಮದಲ್ಲಿ ಮುದ್ರಿಸಿದ ಧ್ವನಿಯ ಆಸರೆಯಿಲ್ಲ, ಎಲ್ಲವೂ ಇಲ್ಲೇ ಹಾಡಿದ್ದು ಎಂದು ಅವನೇ ಎದೆ ತಟ್ಟಿ ಸಾರಿದ. ಹಳೆಯ ಹಾಡುಗಳು ನೀರು ಕುಡಿದಷ್ಟು ಸಲೀಸಾಗಿ ಹೋದವು. ಕೊನೆಗೆ ಹೊಸ ಹಾಡು ಬಂತು. ಎಲ್ಲರೂ ಎದ್ದು ನಿಂತರು.

ಮೊದಲ ಸಲ ಆ ಸಾಲು ಬಂದಾಗ ಹೇಗೋ ಎಳೆದಾಡಿ ತುದಿ ಮುಟ್ಟಿದ. ಹಾಡು ಸುತ್ತಿಕೊಂಡು ಮತ್ತೆ ಅಲ್ಲಿಗೇ ಬಂತು. ಈ ಸಲ 'ಹಾದಿ' ಎನ್ನುವಲ್ಲಿಯೇ ಉಸಿರು ತೀರಿತು. 'ಹಿಡಿದು' ಎನ್ನುವುದು ಬರೀ ಗಾಳಿಯಾಗಿ ಬಂತು. ಮೈಕಿನಲ್ಲಿ ಹಃ ಎನ್ನುವ ಶಬ್ದ ಮೈದಾನದ ತುಂಬ ಕೇಳಿತು. ಅಷ್ಟಕ್ಕೆ ನಿಲ್ಲಿಸಿದ್ದರೂ ಮಾನ ಉಳಿಯುತ್ತಿತ್ತೇನೋ. ಅವನು ಹಟಕ್ಕೆ ಬಿದ್ದು 'ನೀ' ಎಂದು ಮೇಲಕ್ಕೆ ಹಾರಿದ. ದನಿ ಹರಿದ ತಗಡಿನ ಹಾಗೆ ಕಿರ್ರೆಂದಿತು. ಮುಂದೆ ನಿಂತವರಲ್ಲಿ ಯಾರೋ ನಕ್ಕರು. ನಗು ಹಿಂದಕ್ಕೆ ಹಬ್ಬುತ್ತ ಹೋಯಿತು. ಗುಬ್ಬಿ ಬಾಗಿ, ಮೊಣಕಾಲಿನ ಮೇಲೆ ಕೈಯೂರಿ ಕೆಮ್ಮತೊಡಗಿದ. ಅವನ ಹೆಂಡತಿ ಎದ್ದು ವೇದಿಕೆಯ ಕಡೆಗೆ ಓಡಿದಳು.

ಅಕ್ಕ ಏಳಲಿಲ್ಲ. ಕೆಮ್ಮಿನ ಸದ್ದು ಕೇಳಿ ಅವಳ ಬಲಗೈ ತಾನಾಗಿಯೇ ತೊಡೆಯ ಮೇಲೆ ತಿಕ್ಕುವಂತೆ ಅಲುಗಿತು. ಅದನ್ನು ಎಡಗೈಯಿಂದ ಒತ್ತಿ ಹಿಡಿದಳು. ಹಿಡಿದುಕೊಂಡೇ ಅವನನ್ನು ಕಣ್ಣುತುಂಬ ನೋಡಿದಳು. ಹೊಟ್ಟೆಯೊಳಗಿನ ಉರಿಗೆ ತಣ್ಣೀರು ಸುರಿದ ಹಾಗಾಯಿತು.

ಆದರೆ ಆ ತಂಪು ಹೆಚ್ಚು ದಿನ ಉಳಿಯಲಿಲ್ಲ. ಗಾಯಕನ ಗಂಟಲಿಗೆ ದೊಡ್ಡ ಕಾಯಿಲೆ ಎಂದು ಕಂಪನಿಯವರು ಸುದ್ದಿ ಹಬ್ಬಿಸಿದರು. ಅವತ್ತು ನಕ್ಕವರೇ ಈಗ ಅಯ್ಯೋ ಎಂದರು. ಗೇಟಿನ ಮುಂದೆ ಹೂವಿನ ರಾಶಿ ಬಿತ್ತು. ಅಮ್ಮನ ಸಾವಿನ ನೋವನ್ನು ನುಂಗಿ ನುಂಗಿ ಗಂಟಲು ಕೆಟ್ಟಿದೆ ಎಂದು ಒಬ್ಬರು ಬರೆದರು. ಗುಬ್ಬಿಯೂ ಅದನ್ನೇ ನಂಬಿ, ವೈದ್ಯರು ಹೇಳಿದಂತೆ ಮಾತು ಬಿಟ್ಟು, ಪುಟ್ಟ ಬಿಳಿಹಲಗೆಯ ಮೇಲೆ ಬರೆದು ತೋರಿಸುತ್ತ ಮೇಲಿನ ಕೋಣೆಯಲ್ಲಿ ಕುಳಿತ. ಅಕ್ಕನ ಮೈಯೆಲ್ಲ ಮತ್ತೆ ಉರಿಯಿತು. ತಾನು ಹೊಡೆದ ಏಟನ್ನೂ ಅವನು ತನ್ನದೇ ಕತೆ ಮಾಡಿಕೊಂಡುಬಿಟ್ಟನಲ್ಲ! ಹೊಡೆದವರು ಯಾರು ಎಂದೇ ಗೊತ್ತಾಗದಿದ್ದರೆ ಹೊಡೆದು ಏನು ಬಂತು?

ರಜೆಯ ದಿನ, ಬೆಳಗಿನ ಬಿಸಿಲಿನಲ್ಲಿ, ಅವಳು ಮೇಲೆ ಹೋದಳು. ಗುಬ್ಬಿ ಟವೆಲು ಹೊದ್ದು ಬಿಸಿನೀರಿನ ಆವಿ ತೆಗೆದುಕೊಳ್ಳುತ್ತಿದ್ದ. ಅವಳನ್ನು ನೋಡಿ ಹಲಗೆಯ ಮೇಲೆ "ಕೂತ್ಕೋ" ಎಂದು ಬರೆದ. ಅವಳು ನಿಂತೇ ಇದ್ದಳು. ಹುಟ್ಟಿದಾಗಿನಿಂದ ಅವನು ನಡುವೆ ಬಾಯಿ ಹಾಕದೆ ಅವಳ ಮಾತು ಕೇಳಿದ್ದು ಅದೇ ಮೊದಲು.

"ನಿನ್ನ ಗಂಟಲಿಗೆ ಏನೂ ಆಗಿಲ್ಲ ಕಣೋ. ಅದು ನಾನು ಮಾಡಿದ್ದು."

"ಏನು?" ಎಂದು ಬರೆದ.

"ಬೇಕೂ ಬೇಕು ಅಂತ ಆ ಹಾಡನ್ನ ಹಾಗೆ ಕಟ್ಟಿದೆ. ನಿಂಗೆ ಉಸಿರು ಸಾಲಲ್ಲ. ಯಾವತ್ತೂ ಸಾಲ್ತಿರ್ಲಿಲ್ಲ."

ಅವನು ಸದ್ದಿಲ್ಲದೆ ನಕ್ಕು, ಗೋಡೆಯ ಮೇಲಿನ ಪ್ರಶಸ್ತಿಗಳ ಕಡೆ ಕೈ ತೋರಿಸಿದ.

ಅಕ್ಕ ಹಾಡಿದಳು. ಅದೇ ಸಾಲು, ಮೊದಲಿನಿಂದ ತುದಿಯ 'ನೀ'ವರೆಗೆ, ನಿಂತ ನಿಲುವಿನಲ್ಲೇ, ಒಂದೇ ಉಸಿರಿನಲ್ಲಿ. ದಪ್ಪ ದನಿ, ಅಷ್ಟೇನೂ ಇಂಪಲ್ಲ, ಆದರೆ ಎಲ್ಲಿಯೂ ಬಿರಿಯಲಿಲ್ಲ. ಆಮೇಲೆ ಅವನಿಗೆ ಹೆಸರು ತಂದ ಹಾಡುಗಳನ್ನು ಒಂದೊಂದಾಗಿ ಎತ್ತಿಕೊಂಡು ಬಿಡಿಸಿ ಬಿಡಿಸಿ ತೋರಿಸಿದಳು. "ಇಲ್ಲಿ ನೋಡು, ಇಲ್ಲಿ ನಿಂಗೆ ನಿಲ್ಲೋಕೆ ಜಾಗ ಬಿಟ್ಟೆ. ಇಲ್ಲಿ ಈಕಾರ ಬರ್ಬೇಕಿತ್ತು, ಆಕಾರ ಮಾಡ್ದೆ. ಇಲ್ಲಿ ಹೂವು ಅಂತ ಇತ್ತು, ತೆಗೆದೆ. ಮಾತಿನ ನಡುವಿನ ಮೌನ ಅಂತ ಕಟ್ಟು ಹಾಕ್ಸಿದ್ಯಲ್ಲ, ಅದು ಮೌನ ಅಲ್ವೋ, ನಾಯಿಕೆಮ್ಮು."

ಗುಬ್ಬಿಯ ನಗು ಎಲ್ಲಿ ನಿಂತಿತೋ ಅವಳಿಗೆ ಗೊತ್ತಾಗಲಿಲ್ಲ. ಅವನು ಹಲಗೆಯನ್ನು ಕೆಳಗಿಟ್ಟ. ವೈದ್ಯರು ಮಾತಾಡಬೇಡ ಎಂದದ್ದನ್ನು ಮರೆತು ಪಿಸುಗುಟ್ಟಿದ:

"ಹಾಡು ನಿಂದು ಅಂತ ನಂಗೆ ಗೊತ್ತೇ ಇತ್ತಕ್ಕ. ದನಿ ಒಂದಾದ್ರೂ ನಂದು ಅಂದ್ಕೊಂಡಿದ್ದೆ."

ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ಅವಳು ಬಿಡಲಿಲ್ಲ.

"ಅಮ್ಮನ ಕೈಯೂ ನೀನೇ ಹಿಡಿದಿದ್ದೆ ಅಂದ್ಕೊಂಡಿದ್ಯಲ್ಲ, ಹಾಗೆ."

ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಅವಳು ಬಾಗಿಲವರೆಗೆ ಹೋಗಿ ತಿರುಗಿ ನಿಂತು ಹೇಳಿದಳು: "ಯಾವ ಟಿವೀಲಿ ಹೇಳಿದ್ಯೋ ಅದೇ ಟಿವೀಲಿ ಹೇಳ್ಬೇಕು. ಅಮ್ಮನ ಹಾಡು ವಾಪಸ್ ಬರ್ಬೇಕು. ಅಲ್ಲೀವರೆಗೂ ನನ್ನನ್ನ ಅಕ್ಕ ಅನ್ಬೇಡ."

ಕಂಪನಿಯವರು ಮೊದಲು ಗದರಿಸಿದರು, ಆಮೇಲೆ ಬೆಣ್ಣೆಯಂಥ ಮಾತಾಡಿದರು. ಆದರೆ ಗುಬ್ಬಿ ಅವರಿಗೆ ಬಗ್ಗಲಿಲ್ಲ. ಅವಳ ಮೇಲಿನ ಪ್ರೀತಿಯಿಂದಲೋ, ಇನ್ನು ಬಚ್ಚಿಡುವುದಕ್ಕೆ ಏನೂ ಉಳಿದಿಲ್ಲವೆಂದೋ, ಅವನೇ ಹೋಗಿ ಅದೇ ಕುರ್ಚಿಯಲ್ಲಿ ಕುಳಿತು ಹೇಳಿದ. ಹಾಡುಗಳು ಅಕ್ಕನವು. ಆಸ್ಪತ್ರೆಯಲ್ಲಿದ್ದವಳು ಅಕ್ಕ. ತಾನು ದೂರದ ಊರಿನಲ್ಲಿ ಹಾಡುತ್ತಿದ್ದೆ. ಸಂದರ್ಶನ ಮಾಡುವವಳು ತಮಾಷೆಯೆಂದುಕೊಂಡು ನಕ್ಕಳು, ಆಮೇಲೆ ನಗಲಿಲ್ಲ. ಕೆಲವರು ನಂಬಿದರು, ಕೆಲವರು ಇದೊಂದು ಹೊಸ ನಾಟಕವೆಂದರು. ಮೌನದ ಬಗ್ಗೆ ಬರೆದವರಂತೂ ನಿಜಕ್ಕೂ ಮೌನವಾಗಿಬಿಟ್ಟರು. ಅಮ್ಮನ ಹಾಡನ್ನು ಎಲ್ಲ ಕಡೆಯಿಂದ ತೆಗೆಸಲಾಯಿತು. ಅಕ್ಕ ಅದನ್ನು ಮತ್ತೆ ಯಾರಿಗೂ ಕೊಡಲಿಲ್ಲ.

ಟಿಕೆಟ್ ಕೌಂಟರಿನವಳು ಎಷ್ಟೋ ದಿನ ಮುಖ ಊದಿಸಿಕೊಂಡಿದ್ದಳು. "ಇಷ್ಟು ವರ್ಷ ಒಟ್ಟಿಗೆ ಟೀ ಕುಡಿದಿದೀವಿ, ನಂಗೊಂದ್ಮಾತು ಹೇಳ್ಬಾರ್ದಿತ್ತಾ?" ಕೋಪ ಇಳಿದ ಮೇಲೆ ಇನ್ನೊಂದು ಮಾತು ಕೇಳಿದಳು. "ಟಿವೀಲಿ ಹೇಳ್ಸಿದ್ದು ಸರಿ ಕಣೆ. ಅಷ್ಟು ಜನದ ಮುಂದೆ ಉಸಿರು ಕಟ್ಸಿದ್ದು ಸರಿನಾ? ಚಿಕ್ಕಂದಿನಲ್ಲಿ ಸತ್ತು ಬದುಕಿದ ಮಗು ಅದು."

"ಆ ಮಗುವಿನ ಬೆನ್ನು ತಿಕ್ಕಿದ್ದೂ ನಾನೇ."

"ಅದಕ್ಕೇ ಕೇಳಿದ್ದು."

ಮೈಕಕ್ಕ ಟೀ ಲೋಟ ಕೆಳಗಿಟ್ಟು ಮೇಲೆ ಹೋದಳು. ಸರಿಯೋ ತಪ್ಪೋ, ಮತ್ತೆ ಅಂಥದೇ ದಿನ ಬಂದರೆ ಮತ್ತೆ ಹಾಗೆಯೇ ಮಾಡುತ್ತೇನೆ ಎನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

ತಮ್ಮನ ಮನೆ ಬಿಟ್ಟು ನಿಲ್ದಾಣದ ಹಿಂದಿನ ಬೀದಿಯಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದಳು. ಕೀಬೋರ್ಡಿನವನು ಒಬ್ಬಳು ಗಾಯಕಿಯನ್ನು ಕರೆತಂದ. ಒಳ್ಳೆ ಉಸಿರಿನ ಹೆಂಗಸು, ಜಗಳಗಂಟಿ. "ನಂಗೆ ಈ ಪದ ಬೇಡ" ಎಂದು ಅಕ್ಕನ ಜೊತೆ ಗಂಟೆಗಟ್ಟಲೆ ವಾದ ಮಾಡುತ್ತಿದ್ದಳು. ಆ ಜಗಳ ಅಕ್ಕನಿಗೆ ಹಿಡಿಸಿತು. ಹಾಡಿನ ಜೊತೆ ಅವಳ ಹೆಸರೂ ಬರತೊಡಗಿತು. ಅಷ್ಟು ವರ್ಷ ಕಾದದ್ದಕ್ಕೆ ಅದು ಅಂಥ ದೊಡ್ಡ ಸಂಗತಿಯೆನ್ನಿಸಲಿಲ್ಲ. ತನ್ನ ಹೆಸರು ಓದಿ, ಕಾಗುಣಿತ ತಪ್ಪಿದೆಯಲ್ಲ ಎಂದು ಬೈದುಕೊಂಡಳು.

ಗುಬ್ಬಿ ವೇದಿಕೆ ಬಿಟ್ಟ. ಬೇರೆಯವರ ಹಾಡುಗಳನ್ನು ಹಾಡಿ ನೋಡಿದ, ಒಂದೂ ಮೈಗೆ ಕೂರಲಿಲ್ಲ. ಈಗ ಒಂದು ಶಾಲೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಾನಂತೆ, ಮಕ್ಕಳಿಗೆ ಅವನೆಂದರೆ ಇಷ್ಟವಂತೆ. ಬಹಳ ದಿನಗಳ ಮೇಲೆ ಒಂದು ಭಾನುವಾರ ಅಕ್ಕನ ಕೋಣೆಗೆ ಬಂದ. ಕಾಫಿ ಕುಡಿಯುತ್ತ, ಮನೆಯ ಸೋರುವ ತಾರಸಿಯ ಬಗ್ಗೆ, ಹೆಂಡತಿಯ ಹಲ್ಲುನೋವಿನ ಬಗ್ಗೆ ಮಾತಾಡಿದ. ಎದ್ದು ಹೊರಡುವಾಗ ಕೇಳಿದ:

"ನಂಗೊಂದು ಹಾಡು ಬರ್ಕೊಡ್ತೀಯಾ? ನಿನ್ನ ಹೆಸರಲ್ಲೇ. ನನ್ನ ಉಸಿರಿಗೆ ತಕ್ಕ ಹಾಗೆ."

"ಇಲ್ಲ" ಎಂದಳು ಅಕ್ಕ.

"ಇನ್ನು ಯಾವತ್ತೂ ಇಲ್ವಾ?"

"ಯಾವತ್ತೂ ಅಂತ ಹೇಳ್ಲಿಲ್ಲ. ಇಲ್ಲ ಅಂದೆ."

ಅವನು ತಲೆಯಾಡಿಸಿ, ತಾನು ಕುಡಿದ ಲೋಟವನ್ನು ತಾನೇ ತೊಳೆದು ಬೋರಲು ಹಾಕಿ ಹೋದ. ಅವಳು ಬಾಗಿಲು ಹಾಕಿಕೊಂಡು ಕೆಲಸಕ್ಕೆ ಹೊರಡಲು ತಲೆ ಬಾಚಿಕೊಳ್ಳತೊಡಗಿದಳು.